ದಸ್ತಗೀರ್ ಸಾಬರೂ ಗುಂಡನ ಹಾಸಿಗೆಯೂ

ದಸ್ತಗೀರ್ ಸಾಬರು ಮರವನ್ನು ಕಣ್ಣಿಗಿಂತ ಮೊದಲು ಮೂಗಿನಿಂದ ನೋಡುತ್ತಿದ್ದರು. ಹಲಗೆಯನ್ನು ಎರಡು ಸಲ ಕೀಸಿ, ಬಿದ್ದ ಸುರುಳಿಯನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚುವರು. "ಸಾಗವಾನಿ ಅಲ್ರಿ ಇದು. ಸಾಗವಾನಿ ಅಂತ ಸುಳ್ಳು ಹೇಳೋ ಮರ," ಎಂದು ಪಕ್ಕಕ್ಕೆ ಒಗೆಯುವರು. ಹರಿಹರದಲ್ಲಿ ನನ್ನ ತವರುಮನೆಯ ಓಣಿಯ ಬಡಗಿ ಅವರು. ವಿನೋಬನಗರದ ನಮ್ಮ ಮನೆಯಲ್ಲಿ ನಾನು ದಿನಾ ದೀಪ ಹಚ್ಚುವ ದೇವರ ಮಂಟಪ ಅವರ ಕೈಯದೇ. ಅದನ್ನು ತಂದ ದಿನ ಕಾಲು ತೊಳೆದುಕೊಂಡೇ ಒಳಗೆ ಬಂದರು. "ಕಾಯಿ ನೀವು ಒಡೀರಿ, ಚಟ್ನಿಗೆ ನನ್ನ ಕರೀರಿ," ಎಂದು ನಗಿಸಿದರು.

ಮಗಳು ಒಂದು ತಿಂಗಳ ತರಬೇತಿಗೆ ಹೋಗುವಾಗ ತಾನು ಸಾಕಿದ ಹಾವನ್ನು ನನಗೆ ಒಪ್ಪಿಸಿದಳು. ಹೊರದೇಶದ ಸಣ್ಣ ಹೆಬ್ಬಾವು, ವಿಷವಿಲ್ಲ, ಸಾಕಲು ಸರ್ಕಾರದ ಕಾಗದವೂ ಇದೆ. ಚೆಂಡಿನಂತೆ ಸುತ್ತಿಕೊಳ್ಳುತ್ತದೆಂದು ಹೆಸರು ಗುಂಡ. ಹಾಸಿಗೆ ಹಿಡಿದ ಅತ್ತೆಯ ಬಟ್ಟೆಗಳನ್ನು ದಿನಕ್ಕೆ ಮೂರು ಸಲ ಬದಲಿಸಿ ನನ್ನ ಸೊಂಟ ಬಿದ್ದುಹೋಗಿತ್ತು. ಈಗ ಇವನ ಹಾಸಿಗೆಯೂ ನನ್ನ ಪಾಲಿಗೆ.

ಹಳೇ ಪೇಪರ್ ಹಾಸಿದರೆ ಸಾಕು ಎಂದಿದ್ದಳು ಮಗಳು. ನನಗೆ ಮನಸ್ಸು ಬರಲಿಲ್ಲ. ಎಷ್ಟಾದರೂ ಅವನು ನಾಗಪ್ಪ. ಕೊಲೆ, ಕಳ್ಳತನದ ಸುದ್ದಿಯ ಮೇಲೆ ಮಲಗಿಸುವುದೇ? ದೇವದಾರು ಆದರೆ ಹೆಸರಲ್ಲೇ ದೇವರಿದ್ದಾನೆ. ಹರಿಹರಕ್ಕೆ ಹೋಗಿ ಸಾಬರಿಂದ ಒಂದು ಚೀಲ ದೇವದಾರಿನ ಸುರುಳಿ ತಂದೆ. ಮನೆಯಲ್ಲಿ ಹಾವಿದೆ ಎನ್ನಲು ನಾಚಿಕೆಯಾಗಿ, ಯಾತಕ್ಕೆಂದು ಹೇಳಲಿಲ್ಲ.

ನಾಲ್ಕನೇ ದಿನ ಗುಂಡ ತಲೆ ಮೇಲೆತ್ತಿ ಬಾಯಿ ತೆರೆದು ಉಸಿರಾಡುತ್ತಿದ್ದ. ಮಗಳಿಗೆ ಏನು ಹೇಳಲಿ? ಹಾಸಿಗೆ ಬಿಟ್ಟರೆ ಬೇರೇನೂ ಬದಲಾಗಿರಲಿಲ್ಲ. ಸಾಬರಿಗೆ ಫೋನ್ ಮಾಡಿ ಎಲ್ಲ ಒಪ್ಪಿಕೊಂಡೆ.

"ಯಾ ಅಲ್ಲಾ! ನುಸಿ ಸಾಯ್ಲಿ ಅಂತ ಬಟ್ಟೆ ಪೆಟ್ಟಿಗಿಗೆ ಹಾಕೋ ಮರ ಅದು, ತಂಗೆಮ್ಮ!"

"ದೇವರ ಮರ ಅಂತ..."

"ಹೆಸರು ನಿಮಗ ಗೊತ್ತು. ಹಾವಿಗೆ ಅದರ ಘಾಟು ಅಷ್ಟೇ ಗೊತ್ತು. ಮೊದ್ಲು ಅದನ್ನ ತೆಗೀರಿ. ಹಾವಿನ ಪೆಟ್ಟಿಗಿ ತೊಳದು, ಒರೆಸಿ, ಪೇಪರ್ ಹಾಸ್ರಿ. ಆಮ್ಯಾಲೆ ಡಾಕ್ಟರ್ ಹತ್ರ ಓಡ್ರಿ."

"ಬೇರೆ ಮರದ್ದು ಕೊಡ್ತೀರಾ?"

"ಯಾವ ಮರದ್ದೂ ಬ್ಯಾಡ. ಪುಡಿ ಎದಿಗೆ ಇಳೀತೈತೆ. ನಂಗೊತ್ತು."

ಪಶುವೈದ್ಯರೂ ಅದನ್ನೇ ಹೇಳಿ ಔಷಧಿ ಕೊಟ್ಟರು. ದಿನಾ ಬೆಳಿಗ್ಗೆ ಸಾಬರ ಫೋನ್: "ಬಾಯಿ ಮುಚ್ಚಿದ್ನೇನ್ರಿ?" ಹನ್ನೊಂದನೇ ದಿನ ಮುಚ್ಚಿದ. ಎಷ್ಟೋ ದಿನದಿಂದ ನಿದ್ದೆಯಿಲ್ಲದೆ ನರಳುತ್ತಿದ್ದ ಅತ್ತೆಗೂ ಆವತ್ತು ಮಧ್ಯಾಹ್ನ ನಿದ್ದೆ ಹತ್ತಿತು. ಒಂದೇ ದಿನ ಎರಡು ಕೊಟ್ಟೆಯಲ್ಲ ತಂದೆ ಎಂದು ತುಪ್ಪದ ದೀಪ ಹಚ್ಚಿದೆ.

ಮಗಳು ಬಂದ ಮೇಲೆ ಮಂಡಕ್ಕಿ ಉಂಡೆ ಕಟ್ಟಿಕೊಂಡು ಹರಿಹರಕ್ಕೆ ಹೋದೆ. ಸಾಬರನ್ನು ನಾನು ಕೊನೆಯ ಸಲ ನೋಡಿದ್ದು ಅಂದೇ. ಅಂಗಡಿ ಮುಚ್ಚಿತ್ತು. ಮನೆಯಲ್ಲಿ ಮೂರು ದಿಂಬಿಗೆ ಒರಗಿ ಕೂತಿದ್ದರು. ನಲವತ್ತು ವರ್ಷದ ಮರದ ಪುಡಿ ಎದೆಯಲ್ಲಿ ಕೂತಿದೆ ಎಂದರಂತೆ ಡಾಕ್ಟರು.

"ಗುಂಡ ಹೆಂಗದಾನ್ರಿ?"

"ಆರಾಮ ಅದಾನೆ. ಪೇಪರ್ ಮ್ಯಾಲೇ ಮಲಗ್ತಾನೆ."

"ಪುಣ್ಯ ಮಾಡ್ಯಾನ. ಹೇಳೋರು ಸಿಕ್ರು."

ನಗಲು ಹೋದರು, ಕೆಮ್ಮು ಬಂತು. ಬಾಯಿ ತೆರೆದೇ ಉಸಿರೆಳೆಯುತ್ತ, ಹೊರಗೆ ಬಿಸಿಲಿದೆ, ತಲೆಗೆ ಸೆರಗು ಹೊದ್ದುಕೊಂಡು ಹೋಗಿ ಎಂದು ಕೈಸನ್ನೆ ಮಾಡಿದರು.