ಎದುರು ತಂಡದ ಮುಷ್ಟಿ

"ಆಂಟಿ, ನಿಮ್ಮ ಮಗಳು ನನ್ನಷ್ಟೇ ಅದಾಳಂದ್ರ ನನ್ನ ಮುಷ್ಟಿಗಿ ಸುತ್ತಿ ನೋಡ್ರಿ!" ಎನ್ನುತ್ತ ಅಪರಿಚಿತ ಹುಡುಗಿಯೊಬ್ಬಳು ಕೈ ಚಾಚಿದಳು. ಹುಮನಾಬಾದಿನ ಅಂಗಡಿಯಲ್ಲಿ, ಮಗಳ ಮರುದಿನದ ಫುಟ್‌ಬಾಲ್ ಪಂದ್ಯಕ್ಕೆಂದು ನಾನು ಉದ್ದನೆಯ ಕಾಲುಚೀಲ ಆರಿಸುತ್ತಿದ್ದೆ. ಪಾದದ ಭಾಗವನ್ನು ಮುಷ್ಟಿಗೆ ಸುತ್ತಿದಾಗ ಹಿಮ್ಮಡಿಯೂ ತುದಿಯೂ ಕೂಡಿದರೆ ಅಳತೆ ಸರಿ ಎಂದಿದ್ದರು ಅಂಗಡಿಯವರು. ಆದರೆ ಮಗಳು ಮೈದಾನದಲ್ಲಿದ್ದಳು, ನನ್ನ ಮುಷ್ಟಿಯೋ ಅವಳದಕ್ಕಿಂತ ದೊಡ್ಡದು! ನಾಳಿನ ಪಂದ್ಯದ ಮಾತೂ ಸೇರಿ ಇದನ್ನೆಲ್ಲ ನಾನು ಅಂಗಡಿಯವರಿಗೆ ಹೇಳುತ್ತಿದ್ದುದು ಆ ಹುಡುಗಿಯ ಕಿವಿಗೆ ಬಿದ್ದಿತ್ತು.

ಒಂದು ಜೊತೆ ಹುಡುಗಿಯ ಮುಷ್ಟಿಗೆ ಸರಿಯಾಗಿ ಕೂತಿತು. ಅದನ್ನು ತನ್ನ ಕಾಲಿಗೆ ಹಿಡಿದು, ಮೊಣಕಾಲಿನ ತನಕ ಬರುತ್ತದೆಂದೂ ತೋರಿಸಿದಳು. "ಯಾವ ಊರವ್ವಾ ನಿಂದು?" ಎಂದೆ.

"ಬಸವಕಲ್ಯಾಣ ರೀ. ನಾಳಿ ನಿಮ್ಮ ಮಗಳ ಎದುರು ಗೋಲ್ ಕಾಯಾಕಿ ನಾನೇ!" ಎಂದು ನಕ್ಕಳು.

ಮರುದಿನ ಪಂದ್ಯದ ಕೊನೆಯ ಗಳಿಗೆ; ಮಗಳ ತಂಡ ಒಂದು ಗೋಲಿನಿಂದ ಹಿಂದಿತ್ತು. ಮಗಳು ಒದ್ದ ಚೆಂಡು ಇನ್ನೇನು ಗೋಲಿನೊಳಗೆ ಹೋಗೇಬಿಟ್ಟಿತು ಅನ್ನುವಷ್ಟರಲ್ಲಿ ಆ ಹುಡುಗಿ ಹಾರಿ, ಅದೇ ಮುಷ್ಟಿಯಿಂದ ಗುದ್ದಿ ಹೊರಗಟ್ಟಿದಳು. ನೋಡಿದರೆ, ನಾನು ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದೆ!

"ಅವ್ವಾ, ನೀ ಯಾರ ಕಡಿ?" ಎಂದು ಮಗಳು ಇಂದಿಗೂ ಕೇಳುತ್ತಾಳೆ. ಸೋತ ಸಿಟ್ಟು ಇನ್ನೂ ಇಳಿದಿಲ್ಲ. ಆದರೂ ಪಂದ್ಯಕ್ಕೆ ಹೊರಟರೆ ಅವಳಿಗೆ ಆ ಮುಷ್ಟಿಯ ಅಳತೆಯ ಕಾಲುಚೀಲವೇ ಬೇಕು.