ರೊಟ್ಟಿ ತಿನ್ನದವರು ಮಾಡಿದ ಒಲೆ

ಸರ್ಕಾರದ ಒಲೆ ತಾನಾಗಿ ಕೆಟ್ಟಿತು ಎಂದು ಇಳಕಲ್ಲಿನ ನಮ್ಮ ಓಣಿಯಲ್ಲಿ ಮಾತಾಯಿತು. ಸುಳ್ಳು. ಅದರ ಬಾಯಿಯನ್ನು ಒನಕೆಯಿಂದ ಕುಟ್ಟಿ ಒಡೆದವಳು ನಾನು.

ಎಂಬತ್ತರ ದಶಕದ ಮಾತು. ಹೊಗೆಯೆಲ್ಲ ಕೊಳವೆಯಿಂದ ಹೊರಗೆ ಹೋಗುವಂಥ ಮಣ್ಣಿನ ಒಲೆಯನ್ನು ವಿಜ್ಞಾನಿಗಳು ಕಂಡುಹಿಡಿದಿದ್ದರು. ಓಣಿಯ ಮೊದಲ ಒಲೆಯನ್ನು ಸರ್ಕಾರದವರು ನಮ್ಮ ಮನೆಯಲ್ಲೇ ಕಟ್ಟಿಸಿದರು. ಹೊಗೆಗೆ ಸದಾ ಕೆಮ್ಮುತ್ತಿದ್ದ ಸೊಸೆ ಹಿಗ್ಗಿದಳು. ಅನ್ನ, ಬೇಳೆ ಚೆನ್ನಾಗಿ ಬೆಂದವು. ಆದರೆ ಜೋಳದ ರೊಟ್ಟಿಯನ್ನು ಹಂಚಿನಿಂದ ತೆಗೆದು ಒಲೆಯ ಬಾಯಲ್ಲಿ ಕೆಂಡದೆದುರು ನಿಲ್ಲಿಸಬೇಕಲ್ಲ, ಉಬ್ಬಲಿಕ್ಕೆ? ಬಾಯಿ ನೋಡಿದರೆ ಅಂಗೈಯಗಲ. ಮೂರು ದಿನ ಹಸಿಬಿಸಿ ರೊಟ್ಟಿ ತಿಂದೆ, ನಾಲ್ಕನೆಯ ದಿನ ಒಡೆದೆ. ರೊಟ್ಟಿ ಉಬ್ಬಿತು. ಹೊಗೆ ತಿರುಗಿ ಬಂತು, ಸೊಸೆಯ ಕೆಮ್ಮೂ ಬಂತು.

ಹುನಗುಂದದ ತಾಲ್ಲೂಕು ಕಚೇರಿಯಿಂದ ಅಧಿಕಾರಿ ನೋಡಲು ಬಂದ. "ಕೆಟ್ಟೈತಿ ಅಂತ ಬರೀತೇನ್ರಿ. ಉಳಿದ ಮನಿಗೆ ಕಟ್ಟೂದು ಬಂದ್" ಎಂದ.

ನಮ್ಮ ಯಜಮಾನರು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತೇ ಬಾಯಿ ಹಾಕಿದರು: "ಬರೀರಿ ಸಾಹೇಬ್ರ. ಆ ರೊಕ್ಕ ರಾಕೆಟ್ಟಿಗೆ ಹಾಕ್ರಿ, ದೇಶಕ್ಕ ಹೆಸರರ ಬರತೈತಿ. ಒಲಿಗೆಂಥಾ ವಿಜ್ಞಾನ?"

"ರಾಕೆಟ್ಟು ನಿಮಗ ರೊಟ್ಟಿ ಬಡೀತೈತೇನ್ರಿ?" ಎಂದೆ.

"ಮಳಿ ಯಾವಾಗ ಅಂತ ಹೇಳತೈತಿ."

"ಹೇಳಲಿ, ಯಾರು ಬ್ಯಾಡಂದ್ರು? ಒಲಿಗೂ ಒಂದೀಟು ಹಾಕ್ಲಿ. ಸೊಸಿ ಕೆಮ್ಮೂದು ನಿಮಗ ಕೇಳಂಗಿಲ್ಲೇನು? ಮಗ್ಗದ ಸಪ್ಪಳದಾಗ ಹೆಂಗ ಕೇಳಬೇಕು!"

ಆಗ ಸೊಸೆ ಒಳಗಿನಿಂದ ಕೂಗಿದಳು: "ಒಡದಾಕಿ ನೀವ ಅಲ್ಲೇನ್ರಿ ಅತ್ತಿ?"

ಬಾಗಿಲಲ್ಲಿ ನೆರೆದಿದ್ದ ಓಣಿಯ ಹೆಂಗಸರೆಲ್ಲ ನಕ್ಕರು. ಅಧಿಕಾರಿ ಪೆನ್ನು ಎತ್ತಿ ಹಿಡಿದು ನನ್ನನ್ನೇ ನೋಡಿದ.

"ಹೌದು, ನಾನ ಒಡದೇನಿ. ಇದನ್ನ ಮಾಡಿದವ್ರು ರೊಟ್ಟಿ ತಿಂತಾರೇನ್ರಿ?"

"ಅನ್ನ ಉಣ್ಣೋರು ಕಾಣತಾರ್ರಿ" ಎಂದ, ತಾನೂ ನಗುತ್ತ.

"ಹಂಗಾದ್ರ ಖರ್ಚು ನಿಲ್ಲಸಬ್ಯಾಡ್ರಿ. ಇನ್ನಷ್ಟು ಕೊಟ್ಟು ಅವರನ್ನ ಬಸ್ ಹತ್ತಿಸಿ ಇಲ್ಲಿಗೆ ಕಳಸ್ರಿ. ಎರಡು ದಿನ ನಮ್ಮ ಮನ್ಯಾಗ ಉಂಡು, ಆಮ್ಯಾಲ ಒಲಿ ಕಟ್ಟಲಿ."

"ಅವರು ಬರೂದು ಯಾವಾಗೋ ಏನೋ. ನಾಳೆ ಮಧ್ಯಾಹ್ನದತನಕ ಕೆಟ್ಟೈತಿ ಅಂತ ಬರಿಯೂದಿಲ್ಲ, ಅಷ್ಟ. ರೊಟ್ಟೀನೂ ಉಬ್ಬಬೇಕು, ಹೊಗೀನೂ ಹೊರಗ ಹೋಗಬೇಕು. ನಿಮ್ಮ ಕೈಲೆ ಆದ್ರ ಕಚೇರಿಗೆ ಬಂದು ಹೇಳ್ರಿ."

ಮರುದಿನ ಬೆಳಿಗ್ಗೆ ಎದ್ದು ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಒಲೆಯ ಬಾಯಿಗೆ ಮುಚ್ಚಳ ಮಾಡಿದೆ. ರೊಟ್ಟಿ ನಿಲ್ಲಿಸುವಾಗ ತೆಗೆಯುವುದು, ಉಳಿದ ಹೊತ್ತು ಮುಚ್ಚುವುದು. ಸೊಸೆಯನ್ನು ಒಲೆಯ ಮುಂದೆ ಕೂರಿಸಿ ರೊಟ್ಟಿ ಮಾಡಿಸಿದೆ. ಎಂಟು ರೊಟ್ಟಿಯಾಗುವವರೆಗೆ ಒಮ್ಮೆಯೂ ಕೆಮ್ಮಲಿಲ್ಲ. ಅದರಲ್ಲಿ ಚೆನ್ನಾಗಿ ಉಬ್ಬಿದ ಎರಡನ್ನು ಅರಿವೆಯಲ್ಲಿ ಕಟ್ಟಿಕೊಂಡು ಹುನಗುಂದದ ಬಸ್ ಹತ್ತಿದೆ.