ಅರ್ಧ ಮನೆಗಳ ಬೀದಿ

ಸಭೆಗಳಿಗೆ ಹೋದರೆ ನಾನು ಕೂರುವುದು ಕೊನೆಯ ಸಾಲಿನಲ್ಲಿ. ಕೆಲಸದಲ್ಲಿದ್ದಷ್ಟು ಕಾಲವೂ ಹೈಸ್ಕೂಲಿನ ಮಕ್ಕಳೆದುರು ನಿಂತುಕೊಂಡೇ ಕನ್ನಡ ಪಾಠ ಹೇಳಿದವಳಿಗೆ ಹಿಂದಿನ ಬೆಂಚಿನ ಸುಖ ನಿವೃತ್ತಿಯಾದ ಮೇಲೆ ಸಿಕ್ಕಿತು. ಅಲ್ಲಿ ಬಾಗಿಲು ಹತ್ತಿರ, ಭಾಷಣ ದೂರ. ಕಾಫಿ ಯಾವಾಗ ಬರುತ್ತದೆಂಬುದೂ ಮೊದಲು ಗೊತ್ತಾಗುತ್ತದೆ. ಹೀಗೆ ಕಾಫಿಯ ಕಡೆಗೆ ಒಂದು ಕಣ್ಣಿಟ್ಟು ಕೂತಿದ್ದ ಸಭೆಯೊಂದರಲ್ಲೇ ನಾನು ಪುಟ್ಟತಾಯಮ್ಮನ ದನಿಯನ್ನು ಮೊದಲ ಸಲ ಮೈಕಿನಲ್ಲಿ ಕೇಳಿದ್ದು.

ಪುಟ್ಟತಾಯಮ್ಮ ನನಗೆ ಹೊಸಬಳಲ್ಲ. ಕೊಳ್ಳೇಗಾಲದ ನಮ್ಮ ಬಡಾವಣೆಯಿಂದ ತರಕಾರಿ ತರಲು ಹೋಗುವಾಗ ನೇಕಾರರ ಬೀದಿಯೊಂದನ್ನು ಹಾಯಬೇಕು. ಅಲ್ಲಿನ ಮನೆಗಳಲ್ಲಿ ಬೀದಿಗೆ ತೆರೆದುಕೊಂಡ ಮುಂದಿನ ಕೋಣೆಯೇ ಮಗ್ಗದ ಜಾಗ. ನೆಲದಲ್ಲಿ ಗುಂಡಿ, ಗುಂಡಿಯಲ್ಲಿ ನೇಯುವವರ ಕಾಲು. ಒಳಗೆ ಅಡುಗೆಗೆ, ಮಲಗಲಿಕ್ಕೆ ಇನ್ನೊಂದು ಕೋಣೆ. ಪುಟ್ಟತಾಯಮ್ಮನ ಗಂಡ ನಾಗರಾಜು ಮಗ್ಗದಲ್ಲಿ ಕೂತರೆ ಆಕೆ ಜಗುಲಿಯಲ್ಲಿ ನೂಲು ಸುತ್ತುತ್ತ, ಹೋಗಿಬರುವವರನ್ನೆಲ್ಲ ಮಾತಾಡಿಸುತ್ತಿದ್ದಳು. ನನ್ನ ಚೀಲದೊಳಗಿನ ಬದನೆಕಾಯಿಯ ಯೋಗ್ಯತೆಯನ್ನು ಮುಟ್ಟಿ ನೋಡದೆಯೇ ಹೇಳುತ್ತಿದ್ದಳು.

ಒಂದು ದಿನ ಆ ಜಗುಲಿಯ ಹಿಂದಿನ ಗೋಡೆಯ ಮೇಲೆ ಕೆಂಪು ಬಣ್ಣದ ಗುರುತು ಬಿತ್ತು. ಬೆಟ್ಟದ ದೇವಸ್ಥಾನಕ್ಕೆ ಹೋಗುವ ವಾಹನಗಳು ಹೆಚ್ಚಾದವೆಂದು ಬೀದಿಯನ್ನು ಅಗಲ ಮಾಡುತ್ತಾರಂತೆ, ಚಿತ್ತಾರದ ದೀಪದ ಕಂಬ ನೆಡುತ್ತಾರಂತೆ, ಕೂರಲು ಕಲ್ಲುಬೆಂಚು ಹಾಕುತ್ತಾರಂತೆ. ಸಾರ್ವಜನಿಕರ ಅಭಿಪ್ರಾಯ ಕೇಳಲು ಕಲ್ಯಾಣ ಮಂಟಪವೊಂದರಲ್ಲಿ ಸಭೆ ಕರೆದರು. ಮಂಟಪವೂ ಅದೇ ಬೀದಿಯಲ್ಲಿ, ಪುಟ್ಟತಾಯಮ್ಮನ ಮನೆಗೆ ಎದುರು ಸಾಲಿನಲ್ಲಿ ಇತ್ತು.

ವೇದಿಕೆಯಲ್ಲಿದ್ದ ಅಧಿಕಾರಿಯೊಬ್ಬರು ‘ಒತ್ತುವರಿ’ ಎಂಬ ಪದವನ್ನು ಎಷ್ಟು ಸಲ ಹೇಳಿದರೆಂದರೆ, ನನ್ನೊಳಗಿನ ಮೇಷ್ಟ್ರಿಗೆ ಎಚ್ಚರವಾಯಿತು. ಈ ‘ಒತ್ತು’ ಎಂಬುದು ಬಲು ಸೊಗಸಾದ ಪದ. ಕಷ್ಟದಲ್ಲಿದ್ದವರಿಗೆ ಕೊಟ್ಟರೆ ಒತ್ತಾಸೆ, ಹಿಟ್ಟಿನ ಮುದ್ದೆಗೆ ಕೊಟ್ಟರೆ ಒತ್ತುಶ್ಯಾವಿಗೆ, ಅಕ್ಷರದ ಕಾಲಡಿ ಬರೆದರೆ ಒತ್ತಕ್ಷರ. ಬಡವನ ಜಗುಲಿಗೆ ತಗುಲಿಸಿದಾಗ ಮಾತ್ರ ಒತ್ತುವರಿ. ನನ್ನ ಮನೆಯ ಮೆಟ್ಟಿಲುಗಳೂ ರಸ್ತೆಯ ಮೇಲೆ ಕಾಲು ಚಾಚಿಕೊಂಡಿವೆ. ಅವನ್ನು ಈವರೆಗೆ ಎಲ್ಲರೂ ಮೆಟ್ಟಿಲು ಎಂದೇ ಕರೆದಿದ್ದಾರೆ.

ನಾನು ಹೀಗೆ ನಿಘಂಟಿನಲ್ಲಿ ವಿಹರಿಸುತ್ತಿದ್ದಾಗ ಪುಟ್ಟತಾಯಮ್ಮ ಎದ್ದು ನಿಂತಳು.

“ಸಾ, ಕೆಂಪ್ ಬಣ್ಣ ನಮ್ ಸಾಲಿನ ಗೋಡೆಗೆ ಮಾತ್ರ ಯಾಕ್ ಬಳ್ದಿದ್ದೀರಿ? ಈ ಮಂಟಪದ ಗೋಡೆಗೆ ಬಣ್ಣ ಇಡಿಯಕಿಲ್ವಾ?”

ಸಭೆ ನಕ್ಕಿತು. ವೇದಿಕೆಯೂ ಸ್ವಲ್ಪ ನಕ್ಕಿತು. “ಅದು ಟೆಕ್ನಿಕಲ್ ವಿಷಯ ಕಣಮ್ಮ, ಆಮೇಲೆ ಆಫೀಸಿಗೆ ಬನ್ನಿ ಹೇಳ್ತೀವಿ” ಎಂದರು ಅಧಿಕಾರಿ. ಆಕೆ ಇನ್ನೊಂದು ಮಾತು ತೆಗೆಯುವಷ್ಟರಲ್ಲಿ ಮೈಕನ್ನು ಮುಂದಿನ ಸಾಲಿನವರಿಗೆ ಕೊಟ್ಟಾಗಿತ್ತು. ಅವರು ದೀಪದ ಕಂಬದ ಬಣ್ಣ ಹೇಗಿದ್ದರೆ ಚೆಂದ ಎಂಬ ಬಗ್ಗೆ ಮಾತಾಡಿದರು. ಅಷ್ಟರಲ್ಲಿ ಕಾಫಿಯೂ ಬಂತು.

ಆಮೇಲೆ ಆಕೆ ಆಫೀಸಿಗೆ ಹೋದಳು. ಒಂದೆರಡು ಸಲ ನಾನೂ ಜೊತೆಗೆ ಹೋದೆ. ಸಾಹೇಬರು ಮೀಟಿಂಗಿನಲ್ಲಿದ್ದರು, ಮತ್ತೊಮ್ಮೆ ಸೈಟಿನಲ್ಲಿದ್ದರು. ಯಾವ ಸೈಟು ಎಂಬುದು ಒಂದು ಬೆಳಿಗ್ಗೆ ಗೊತ್ತಾಯಿತು. ಜೆಸಿಬಿ ಬೀದಿಯ ತುದಿಯಲ್ಲಿ ಬಂದು ನಿಂತಿತ್ತು, ಅದರ ಹಿಂದೆ ಪೊಲೀಸರ ಜೀಪು.

ನಾಗರಾಜುವಿನ ಮಗ್ಗದಲ್ಲಿ ಅರ್ಧ ನೇಯ್ದ ಸೀರೆಯಿತ್ತು. ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಸೆರಗು ಮುಗಿಯುತ್ತಿತ್ತೆಂದು ಅವನು ಪೊಲೀಸರಿಗೆ ಕೈಮುಗಿದು ಹೇಳುತ್ತಿದ್ದ. ಅವರಲ್ಲೊಬ್ಬ, ಪಾಪ, “ನಮ್ ಕೈಲಿ ಏನದೆ ಯಜಮಾನ್ರೇ” ಎಂದು ಬೇರೆ ಕಡೆ ನೋಡಿದ. ಮಗ್ಗ ಬಿಚ್ಚಬೇಕೆಂದರೆ ಬಿಗಿದು ಕಟ್ಟಿದ ರೇಷ್ಮೆ ಎಳೆಗಳನ್ನೆಲ್ಲ ಕತ್ತರಿಸಬೇಕು. ನಾಗರಾಜು ಕತ್ತರಿ ಹಿಡಿದು ಕೂತವನು ಕೂತೇ ಇದ್ದ.

“ನನ್ ಕೈಲಾಗಕಿಲ್ಲ, ನೀನೇ ಕತ್ತರಿಸಮ್ಮಿ” ಎಂದ ಹೆಂಡತಿಗೆ.

ಪುಟ್ಟತಾಯಮ್ಮ ಕತ್ತರಿಸಿದಳು. ಎಳೆಗಳು ಸದ್ದಿಲ್ಲದೆ ಮಗ್ಗದ ಎರಡೂ ಬದಿಗೆ ಜಾರಿಬಿದ್ದವು. ಮಧ್ಯಾಹ್ನದೊಳಗೆ ಮುಂದಿನ ಕೋಣೆ ಬೀದಿಯಾಗಿತ್ತು, ಮಗ್ಗದ ಗುಂಡಿಗೆ ಅದೇ ಕೋಣೆಯ ಇಟ್ಟಿಗೆ ತುಂಬಿದ್ದರು. ಇಡೀ ಸಾಲು ಹಾಗೆಯೇ ಆಯಿತು. ಎದುರು ಸಾಲಿನ ಮಂಟಪದ ಮುಂದೆ ರಸ್ತೆ ಒಂಚೂರು ನಡು ಬಾಗಿಸಿ, ಅದರ ಕಾಂಪೌಂಡಿಗೆ ಮರ್ಯಾದೆ ಕೊಟ್ಟು ಮುಂದೆ ಹೋಯಿತು.

ಉಳಿದ ಒಂದೇ ಕೋಣೆಯಲ್ಲಿ ಮಗ್ಗ ಹಿಡಿಸಲಿಲ್ಲ. ನಾಗರಾಜು ಕುಂತೂರಿನ ಕಡೆ ಟ್ರ್ಯಾಕ್ಟರುಗಳಿಗೆ ಕಬ್ಬು ಹೇರುವ ಕೆಲಸಕ್ಕೆ ಹೋದ. ಗುಂಡಿಯಲ್ಲಿ ಕಾಲಿಟ್ಟು ಕೂತೇ ವಯಸ್ಸು ಕಳೆದವನು, ಅವನದು ಹೊರೆ ಹೊರುವ ಬೆನ್ನಲ್ಲ. ಆ ಹಂಗಾಮು ಮುಗಿಯುವ ಹೊತ್ತಿಗೆ ಯಾರೋ ತಮ್ಮ ಮಗ್ಗದಲ್ಲಿ ಕೂರಲು ಕರೆದರಂತೆ. ಖುಷಿಯಿಂದ ಹೋದವನು ಸಂಜೆಗೇ ಬಂದುಬಿಟ್ಟ. ಕಬ್ಬಿನ ಗರಿ ಕುಯ್ದು ಬಿರುಕುಬಿಟ್ಟ ಬೆರಳುಗಳಿಗೆ ರೇಷ್ಮೆ ಎಳೆ ಸಿಕ್ಕಿಕೊಂಡು ಹರಿಯುತ್ತಿತ್ತಂತೆ. ನಾನು ಹೋದಾಗ ಪುಟ್ಟತಾಯಮ್ಮ ಅವನ ಅಂಗೈಗೆ ಎಣ್ಣೆ ತಿಕ್ಕುತ್ತಿದ್ದಳು. ಅವನು ಆ ಕೈಗಳನ್ನು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದ.

ಆ ವರ್ಷ ನಮ್ಮ ವಾರ್ಡಿನ ಚುನಾವಣೆ ಬಂತು. ಸ್ಥಾನ ಮಹಿಳೆಗೆ ಮೀಸಲು. “ನಿಂತ್ಕತೀನಿ ಮೇಡಮ್ನೋರೆ” ಎಂದಳು ಪುಟ್ಟತಾಯಮ್ಮ. “ಒಳಗಡೆ ಕುಂತವ್ರಿಗೇ ಮೈಕು ಕೊಡೋದಾದ್ರೆ ಒಳಕ್ಕೇ ಓಗನ.”

ಪ್ರಚಾರದ ಭಾಷಾ ವಿಭಾಗ ನನ್ನ ಪಾಲಿಗೆ ಬಂತು. ನಾನು ಬರೆದ ಕರಪತ್ರದಲ್ಲಿ ‘ಸರ್ವತೋಮುಖ’, ‘ಸಮಾನತೆಯ ಸೋಪಾನ’ ಮುಂತಾದ ಘನವಾದ ಪದಗಳಿದ್ದವು. ಆಕೆ ಓದಿಸಿಕೊಂಡು, ಸೋಪಾನ ಅಂದರೇನು ಎಂದು ಕೇಳಿದಳು. ಮೆಟ್ಟಿಲು ಎಂದೆ. “ಮೆಟ್ಲು ಅಂತ್ಲೇ ಬರೀರಿ, ಒಡೆದಾಕವ್ರಲ್ಲ, ಜನಕ್ಕೆ ಗೊತ್ತಾಯ್ತದೆ” ಎಂದಳು. ಬಿಸಿಲಲ್ಲಿ ಮನೆಮನೆ ಸುತ್ತಿದೆವು. ಎಲ್ಲ ಕಡೆಯೂ ಕುಂಕುಮ ಕೊಟ್ಟರು, ನೀರು ಮಜ್ಜಿಗೆ ಕೊಟ್ಟರು, “ನಿಮ್ಗೇ ಕಣಕ್ಕ” ಅಂದರು. ನಾನು ಆ ಮಜ್ಜಿಗೆಯನ್ನು ಮತವೆಂದೇ ತಿಳಿದು ಕುಡಿದೆ.

ಮತದಾನ ಹತ್ತಿರ ಬಂದಾಗ ಎದುರು ಪಕ್ಷದವರು ಅರ್ಧ ಉಳಿದ ಮನೆಗಳಿಗೆ ಒಂದೊಂದಾಗಿ ಹೋಗಿಬಂದರು. ಗದರಿಸಲಿಲ್ಲ, ಕೂಗಾಡಲಿಲ್ಲ. ಇರುವ ಅರ್ಧಕ್ಕೂ ಸರಿಯಾದ ಹಕ್ಕುಪತ್ರ ಇಲ್ಲವಲ್ಲ, ನಾಳೆ ಯಾರಾದರೂ ತಕರಾರು ತೆಗೆದರೆ ನಾವು ಬೇಕಾಗುತ್ತೇವೆ ಎಂದಷ್ಟೇ ಹೇಳಿ ಎದ್ದರಂತೆ.

ಇದನ್ನು ಹೇಳಿದ್ದು ಪಕ್ಕದ ಮನೆಯ ಮಾದೇವಿ. ಪುಟ್ಟತಾಯಮ್ಮನ ಬಾಗಿಲಿಗೆ ಬಂದವಳು ಒಳಗೆ ಬರದೆ ಅಲ್ಲೇ ನಿಂತಳು.

“ಅಕ್ಕ, ನಿನ್ ಮುಖ ನೋಡ್ಕಂಡು ಸುಳ್ಳೇಳಕಾಗಕಿಲ್ಲ. ನಾನು ನಿನ್ಗೆ ವೋಟಾಕಕಿಲ್ಲ ಕಣಕ್ಕ. ಇರೋ ಅರ್ಧ ಮನೆನಾರಾ ಉಳಿಸ್ಕಬೇಕು.”

ನನಗೆ ಮೈ ಉರಿಯಿತು. ಪ್ರಜಾಪ್ರಭುತ್ವದ ಬಗ್ಗೆ ಒಂದು ಪಾಠವೇ ನಾಲಿಗೆಯ ತುದಿಗೆ ಬಂತು. ಪುಟ್ಟತಾಯಮ್ಮ ಮಾತ್ರ ಎದ್ದು ಹೋಗಿ ಮಾದೇವಿಯ ಕೈ ಹಿಡಿದು ಒಳಗೆ ಕರೆತಂದಳು.

“ಅಳಬ್ಯಾಡ ಬುಡು. ನಿನ್ ಜಾಗದಲ್ಲಿ ನಾನಿದ್ರೂ ಅಂಗೇ ಮಾಡ್ತಿದ್ದೆ. ಕೂತ್ಕೊ, ಟೀ ಕಾಯುಸ್ತೀನಿ.”

ಪುಟ್ಟತಾಯಮ್ಮ ಸೋತಳು. ಸೋತದ್ದು ಸಣ್ಣ ಅಂತರದಿಂದಲ್ಲ, ಚೆನ್ನಾಗಿಯೇ ಸೋತಳು. ಗೆದ್ದವರ ಮೆರವಣಿಗೆ ಅಗಲವಾದ ಅದೇ ಬೀದಿಯಲ್ಲಿ ತಮಟೆ ಬಡಿಸಿಕೊಂಡು ಹೋಯಿತು. ಬೀದಿ ಅಗಲ ಮಾಡಿದ್ದರ ಉಪಯೋಗ ನನಗೆ ಆಗ ಕಂಡಿತು. ಮಾದೇವಿಯ ಹಕ್ಕುಪತ್ರ ಇವತ್ತಿಗೂ ಬಂದಿಲ್ಲ. ಕಲ್ಲುಬೆಂಚಿನ ಮೇಲೆ ಸಂಜೆ ನನ್ನಂಥ ನಿವೃತ್ತರು ಕೂರುತ್ತೇವೆ. ಊರು ನೋಡಲು ಈಗ ಚೆನ್ನಾಗಿದೆ ಎನ್ನುವವರಿದ್ದಾರೆ, ಅದು ಸುಳ್ಳೂ ಅಲ್ಲ. ಬೆಂಚು ಯಾರ ಕೋಣೆಯ ಮೇಲಿದೆ ಎಂದು ಯಾರೂ ಕೇಳುವುದಿಲ್ಲ.

ಈಚೆಗೆ ಕೆರೆಯ ಕಡೆಯ ಓಣಿಯನ್ನು ತೆರವು ಮಾಡುತ್ತಾರೆಂಬ ಸುದ್ದಿ ಬಂತು. ಅಲ್ಲಿನ ಹೆಂಗಸೊಬ್ಬಳು, ಮನೆಮನೆಗೆ ಹೂ ಕೊಡುವವಳು, ಪುಟ್ಟತಾಯಮ್ಮನನ್ನು ಹುಡುಕಿಕೊಂಡು ಬಂದಳು. ಸಭೆ ಇದೆಯಂತೆ, ಏನು ಮಾತಾಡಬೇಕೋ ತಿಳಿಯದು ಎಂದಳು. ಪುಟ್ಟತಾಯಮ್ಮ ಸೀರೆ ಬದಲಿಸಿ ಹೊರಟೇಬಿಟ್ಟಳು. ಜೊತೆಗೆ ಹೊರಟ ನಾನು ದಾರಿಯಲ್ಲಿ ಕೇಳಿದೆ:

“ನೀವು ಹೋದರೆ ನಿಲ್ಲಿಸುತ್ತಾರೆ ಅಂತೀರಾ?”

“ಇಲ್ಲ ಮೇಡಮ್ನೋರೆ. ಒಡೀತಾರೆ.”

ಸಭೆಯಲ್ಲಿ ಹೂವಿನವಳು ಮಾತಿಗೆ ನಿಂತಾಗ ಅವಳ ಸ್ವರ ಮೈಕಿನಲ್ಲೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ಪುಟ್ಟತಾಯಮ್ಮ ಹೋಗಿ ಅವಳ ಪಕ್ಕದಲ್ಲಿ ನಿಂತಳು. ವೇದಿಕೆಯಿಂದ ಯಾರೋ, “ಏನಮ್ಮ, ಒಬ್ಬೊಬ್ಬರೇ ಮಾತಾಡಿ, ನೀವು ಕೂತ್ಕೊಳ್ಳಿ” ಎಂದರು.

“ನಾನು ಮಾತಾಡ್ತಿಲ್ಲ ಸಾ” ಎಂದಳು ಪುಟ್ಟತಾಯಮ್ಮ. “ಇವ್ಳ ಜೊತೇಲಿ ನಿಂತಿದ್ದೀನಿ ಅಷ್ಟೆ.”

ಹೂವಿನವಳ ಸ್ವರ ಆಮೇಲೆ ಸ್ವಲ್ಪ ಗಟ್ಟಿಯಾಯಿತು.